ಕೆಲಸ ಹುಡುಕಿ ಹೊರಟವರಿಗೆ ಫೋನ್ ಒಂದೇ ಸಾಕಾ?

ಪರ: ಸಾಕು, ಫೈಲ್ ಮನೆಯಲ್ಲೇ ಇರಲಿ

ಡಿಗ್ರಿ ಮುಗಿದ ಕೂಡಲೇ ನಮ್ಮ ಕಡೆ ಹುಡುಗ ಹುಡುಗಿಯರ ಓಡಾಟ ಶುರುವಾಗುತ್ತದೆ. ಕೊಪ್ಪಳದವರು ಕೋಚಿಂಗ್ ಅಂತ ಧಾರವಾಡಕ್ಕೆ, ಬಳ್ಳಾರಿಯವರು ಇಂಟರ್‌ವ್ಯೂ ಅಂತ ಬೆಂಗಳೂರಿಗೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಹೊರಡುವ ಹಿಂದಿನ ರಾತ್ರಿ ಎಲ್ಲ ಮನೆಯಲ್ಲೂ ಒಂದೇ ಪಾಠ: ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡ್ಯಾ, ದುಡ್ಡು ಒಂದೇ ಕಡೆ ಇಡಬೇಡ, ಒಳಜೇಬಿಗೆ ಪಿನ್ ಹಾಕು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಭಯ ಹಳೇ ಕಾಲದ್ದು.

ದುಡ್ಡಿನ ವಿಷಯವನ್ನೇ ನೋಡಿ. ಯುಪಿಐ ಬಂದಿದ್ದು 2016ರಲ್ಲಿ. ಇವತ್ತು ಬಳ್ಳಾರಿಯ ಒಗ್ಗರಣೆ-ಮಿರ್ಚಿ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ. ಎಣ್ಣೆ ಸಿಡಿದು ಹಾಳಾಗಬಾರದು ಅಂತ ಅದಕ್ಕೊಂದು ಪ್ಲಾಸ್ಟಿಕ್ ಕವರ್, ಪಕ್ಕದಲ್ಲಿ ಇಷ್ಟು ರೂಪಾಯಿ ಬಂತು ಅಂತ ಕೂಗುವ ಡಬ್ಬಿ. ಚಿಲ್ಲರೆ ಜಗಳ ಮುಗಿಯಿತು. ಆದರೆ ನಿಜವಾದ ಅನುಕೂಲ ಕೊಡುವಾಗಿನದಲ್ಲ, ಪಡೆಯುವಾಗಿನದು. ಇನ್ನೂ ಸಂಬಳ ಕಾಣದ ಹುಡುಗನಿಗೆ ದುಡ್ಡು ಬರುವುದು ಮನೆಯಿಂದ ತಾನೇ? ಮಸ್ಕಿ ಕಡೆಯ ಹಳ್ಳಿಯಲ್ಲಿರುವ ಅಪ್ಪನ ಹತ್ತಿರ ಇರುವುದು ಬಟನ್ ಫೋನ್. ಅವರು ಕಿರಾಣಿ ಅಂಗಡಿಗೆ ಹೋಗಿ ಐನೂರರ ನೋಟು ಕೊಡುತ್ತಾರೆ, ಅಂಗಡಿಯವನು ತನ್ನ ಫೋನಿನಿಂದ ಹಾಕುತ್ತಾನೆ, ಮಗ ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿನ್ನುತ್ತಾನೆ. ಮೊದಲಾಗಿದ್ದರೆ ಮನಿಯಾರ್ಡರಿಗೋ, ಊರಿಂದ ಬರುವ ಯಾರಿಗೋ ಕಾಯಬೇಕಿತ್ತು.

ಟಿಕೆಟ್ ಕಥೆಯೂ ಅಷ್ಟೇ. ಹಂಪಿ ಎಕ್ಸ್‌ಪ್ರೆಸ್ಸಿನ ಸೀಟಿಗಾಗಿ ಸ್ಟೇಷನ್ ಕೌಂಟರಿನಲ್ಲಿ ನಿಲ್ಲಬೇಕಿಲ್ಲ. ಸ್ಲೀಪರ್ ತತ್ಕಾಲ್ 11 ಗಂಟೆಗೆ ಶುರು. ಸಿಗುತ್ತೋ ಇಲ್ವೋ ಮನೆಯಲ್ಲೇ ಕೂತು ಗೊತ್ತಾಗುತ್ತದೆ. ಸಿಗದಿರುವುದೇ ಜಾಸ್ತಿ, ಅದು ಬೇರೆ ಮಾತು.

ಇನ್ನು ಕಾಗದಪತ್ರ. ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆ್ಯಪ್ ಡಿಜಿಲಾಕರ್ ಬಂದಿದ್ದು 2015ರಲ್ಲಿ. ಅದರಲ್ಲಿರುವ ಡ್ರೈವಿಂಗ್ ಲೈಸೆನ್ಸನ್ನು ಪೊಲೀಸರೂ ಒಪ್ಪಬೇಕು, ರೈಲಿನ ಟಿಟಿಯೂ ಒಪ್ಪಬೇಕು. ನಾಡಕಚೇರಿಯ ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಆನ್‌ಲೈನಿನಲ್ಲೇ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ಕಾಗದದ ಕಟ್ಟು ಯಾಕೆ ಹೊರಬೇಕು? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬಸ್ಸಿನಲ್ಲಿ ಬಿಟ್ಟವರನ್ನು ಕೇಳಿ ನೋಡಿ. ಪೊಲೀಸ್ ದೂರು, ಅಫಿಡವಿಟ್, ಆಮೇಲೆ ಯೂನಿವರ್ಸಿಟಿಗೆ ಅಲೆದಾಟ. ಫೈಲ್ ಬೀರುವಿನಲ್ಲಿದ್ದರೇ ಕ್ಷೇಮ.

ವಿರೋಧ: ಸಾಲದು, ಅದರಲ್ಲೂ ನಮ್ಮ ಬಿಸಿಲಿಗೆ

ಇಡ್ಲಿಗೆ ಫೋನ್ ಸಾಕು, ಒಪ್ಪಿದೆ. ಆದರೆ ಯಾರೂ ಅಷ್ಟು ದೂರ ಇಡ್ಲಿ ತಿನ್ನೋದಕ್ಕೆ ಹೋಗುವುದಿಲ್ಲ. ಹೋಗುವುದು ಪರೀಕ್ಷೆಗೆ, ದಾಖಲೆ ಪರಿಶೀಲನೆಗೆ. ಪರೀಕ್ಷೆಯ ಬಾಗಿಲಲ್ಲಂತೂ ಫೋನಿಗೇ ಪ್ರವೇಶ ಇಲ್ಲ.

ಯುಪಿಎಸ್‌ಸಿ ಹಾಲ್ ಟಿಕೆಟ್ ಬರುವುದು ಆನ್‌ಲೈನಿನಲ್ಲಿ, ಕೇಳುವುದು ಪ್ರಿಂಟು. ಜೊತೆಗೆ ಫೋಟೋ ಇರುವ ಒರಿಜಿನಲ್ ಗುರುತಿನ ಚೀಟಿ. ಪ್ರಿಲಿಮ್ಸ್ ಇರುವುದು ಭಾನುವಾರ. ಆ ಬೆಳಿಗ್ಗೆ ಧಾರವಾಡದಲ್ಲಿ ಬಾಗಿಲು ತೆರೆದ ಜೆರಾಕ್ಸ್ ಅಂಗಡಿ ಹುಡುಕುವವರ ಮುಖ ನೋಡಬೇಕು. ಸರ್ಕಾರಿ ನೌಕರಿ ಕೊನೆಯ ಹಂತಕ್ಕೆ ಬಂದರಂತೂ ಎಲ್ಲ ಒರಿಜಿನಲ್ ಮೇಜಿನ ಮೇಲಿಡಬೇಕು, ಪಕ್ಕದಲ್ಲಿ ಸಹಿ ಹಾಕಿದ ಜೆರಾಕ್ಸ್ ಸೆಟ್. ಎಸಿ, ಅಂದರೆ ಉಪವಿಭಾಗಾಧಿಕಾರಿ, ಆಫೀಸಿಗೆ ಅಲೆದು ತಂದ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಸರ್ಟಿಫಿಕೇಟೂ ಅದರೊಳಗೆ ಬಂತು. ಅದನ್ನು ಫೋನಿನಲ್ಲಿ ತೋರಿಸ್ತೀನಿ ಸಾರ್ ಅಂದರೆ ಗುಮಾಸ್ತರು ತಲೆ ಕೂಡ ಎತ್ತುವುದಿಲ್ಲ.

ಡಿಜಿಲಾಕರಿನಲ್ಲೂ ಒಂದು ಸೂಕ್ಷ್ಮ ಇದೆ. ರೈಲ್ವೆ ಒಪ್ಪುವುದು ಇಲಾಖೆಯೇ ನೇರವಾಗಿ ಕೊಟ್ಟ, ‘ಇಷ್ಯೂಡ್’ ವಿಭಾಗದಲ್ಲಿರುವ ಆಧಾರ್ ಮತ್ತು ಲೈಸೆನ್ಸನ್ನು ಮಾತ್ರ. ನೀವೇ ಫೋಟೋ ಹೊಡೆದು ಅಪ್‌ಲೋಡ್ ಮಾಡಿದ್ದು ನಡೆಯುವುದಿಲ್ಲ. ನಮ್ಮ ಹುಡುಗರಲ್ಲಿ ಎಷ್ಟೋ ಜನರ ಲಾಕರ್ ತೆರೆದರೆ ಕಾಣುವುದು ಬರೀ ಆ ಫೋಟೋಗಳೇ.

ಬಿಸಿಲಿನ ಮಾತಿಗೆ ಬರೋಣ. ಏಪ್ರಿಲ್, ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ. ಐಫೋನ್ ಬಳಸಲು ಆಪಲ್ ಹೇಳುವ ವಾತಾವರಣದ ಮಿತಿ 35 ಡಿಗ್ರಿ. ಬಿಸಿಯಾದ ಫೋನ್ ತಾನೇ ಸ್ಕ್ರೀನ್ ಮಂಕು ಮಾಡಿಕೊಳ್ಳುತ್ತದೆ, ಚಾರ್ಜ್ ತೆಗೆದುಕೊಳ್ಳೋದು ನಿಲ್ಲಿಸುತ್ತದೆ. ಮಧ್ಯಾಹ್ನದ ಜನರಲ್ ಬೋಗಿಯಲ್ಲಿ ಪ್ಲಗ್ ಸಿಕ್ಕಿತು ಅಂದುಕೊಳ್ಳಿ, ಆದರೂ ಚಾರ್ಜ್ ಹತ್ತುವುದಿಲ್ಲ. ಜನರಲ್ ಟಿಕೆಟ್ಟನ್ನು 2025ರಲ್ಲಿ ಬಂದ ರೈಲ್‌ಒನ್ ಆ್ಯಪಿನಲ್ಲಿ ತೆಗೆದಿದ್ದರೆ, ತೋರಿಸಲಾಗದವನು ಟಿಕೆಟ್ ಇಲ್ಲದವನೇ. ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ.

ಇದೆಲ್ಲ ಸಣ್ಣದು. ಫೋನೇ ಹೋದರೆ? ಬಸ್ ಹತ್ತುವ ನೂಕುನುಗ್ಗಲಲ್ಲಿ ಯಾರೋ ಎಗರಿಸಿದರು ಅಂತಿಟ್ಟುಕೊಳ್ಳಿ. ಇನ್ನೊಬ್ಬರ ಫೋನಿನಲ್ಲಿ ಡಿಜಿಲಾಕರ್ ತೆರೆಯಬೇಕು, ಒಟಿಪಿ ಕೇಳುತ್ತದೆ. ಒಟಿಪಿ ಬರುವುದು ಕಳೆದ ಸಿಮ್ಮಿಗೆ. ಹೊಸ ಸಿಮ್ ಬೇಕು ಅಂದರೆ ಗುರುತಿನ ಚೀಟಿ ಕೇಳುತ್ತಾರೆ. ಚೀಟಿ ಇರುವುದು ಡಿಜಿಲಾಕರಿನಲ್ಲಿ! ಆಧಾರ್ ನಂಬರ್ ಬಾಯಿಪಾಠ ಇದ್ದವರು ಬೆರಳೊತ್ತಿ ಸಿಮ್ ಪಡೆಯಬಹುದು. ಆದರೂ ಮುಗಿಯಲಿಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ ಒಂದು ನಿಯಮ ಮಾಡಿದೆ: ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್. ನಿಯಮ ಒಳ್ಳೆಯದೇ. ಆದರೆ ನಾಳೆ ಬೆಳಿಗ್ಗೆ ಪರೀಕ್ಷೆ ಇರುವವನ ಗತಿ? ಸರ್ಕಾರದ ಸಂಚಾರ ಸಾಥಿ ಪೋರ್ಟಲಿನಲ್ಲಿ ದೂರು ಕೊಟ್ಟರೆ ಕಳ್ಳನ ಕೈಯಲ್ಲಿರುವ ಫೋನ್ ಬ್ಲಾಕ್ ಆಗುತ್ತದೆ, ನಮ್ಮ ಕೈಗೆ ಏನೂ ಬರುವುದಿಲ್ಲ. ಅಪ್ಪನಿಗೆ ಫೋನ್ ಮಾಡೋಣ ಅಂದರೆ ನಂಬರ್ ನೆನಪಿದ್ದರೆ ತಾನೇ?

ಯುಪಿಐ ಕೂಡ 2025ರ ಮಾರ್ಚ್, ಏಪ್ರಿಲ್‌ನಲ್ಲಿ ದೇಶದ ತುಂಬ ಕೈಕೊಟ್ಟಿತ್ತು. ಒಳಜೇಬಿನಲ್ಲಿ ಎರಡು ನೋಟು ಇದ್ದವರು ಆ ಹೊತ್ತು ನೆಮ್ಮದಿಯಾಗಿ ಊಟ ಮಾಡಿದರು.

ಫೈಲ್ ಕಳೆಯುವ ಭಯ ಸುಳ್ಳಲ್ಲ. ಅದಕ್ಕೆ ಎಲ್ಲವನ್ನೂ ಹೊರಬೇಕಾಗಿಲ್ಲ. ಒರಿಜಿನಲ್ ಕೇಳುವ ಕಡೆಗೆ ಒರಿಜಿನಲ್, ಉಳಿದ ಕಡೆಗೆ ಜೆರಾಕ್ಸ್. ಯಾವುದು ಬೇಕು ಅನ್ನುವುದು ಕಾಲ್ ಲೆಟರಿನಲ್ಲೇ ಇರುತ್ತದೆ, ಸಾಮಾನ್ಯವಾಗಿ ಎರಡನೇ ಪುಟದ ಸೂಚನೆಗಳಲ್ಲಿ. ಸಣ್ಣ ಅಕ್ಷರ ಅಂತ ಬಿಡದೆ, ಊರು ಬಿಡುವ ಮೊದಲೇ ಸ್ಕ್ರೀನ್ ದೊಡ್ಡದು ಮಾಡಿಕೊಂಡು ಓದಿಬಿಡಿ.