ಆಪ್ಟ್ ಕೇಳಿದವರಿಗೆ ಆಪ್ಟ್‌ನಿಂದಲೇ ಕೊಡಿ

ಆಪ್ಟ್ ಅಂದರೆ ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ತಂತ್ರಾಂಶ ತರಿಸಿ ಹಾಕುವ ಸಾಧನ. ಉಬುಂಟು 22.04ರ ಟರ್ಮಿನಲ್ಲಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) ‘ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಅಂತ ಕೊಟ್ಟು ನೋಡಿ. ಇಳಿದು ಬರುವ ಡೆಬ್ ಪ್ಯಾಕೇಜಿನೊಳಗೆ (ಆಪ್ಟ್ ಹಾಕುವ ತಂತ್ರಾಂಶದ ಕಟ್ಟಿನೊಳಗೆ) ಫೈರ್‌ಫಾಕ್ಸ್ ಬ್ರೌಸರೇ ಇರುವುದಿಲ್ಲ. ಉಬುಂಟು ರೂಪಿಸುವ ಕ್ಯಾನೊನಿಕಲ್ ಕಂಪನಿಯ ಸ್ನ್ಯಾಪ್ ಎಂಬ ಬೇರೆಯದೇ ಪ್ಯಾಕೇಜ್ ಪದ್ಧತಿಯ ಸ್ಟೋರಿನಿಂದ ಫೈರ್‌ಫಾಕ್ಸನ್ನು ತರಿಸಿ ಹಾಕುವುದಷ್ಟೇ ಅದರ ಕೆಲಸ. ಕ್ರೋಮಿಯಂ ಬ್ರೌಸರಿಗೆ 2019ರಲ್ಲೇ, 19.10 ಆವೃತ್ತಿಯಲ್ಲಿ, ಹೀಗೆ ಮಾಡಿದ್ದರು. ಉಬುಂಟುವನ್ನೇ ಆಧರಿಸಿದ ಲಿನಕ್ಸ್ ಮಿಂಟ್‌ನವರು ಇದನ್ನು ಒಪ್ಪದೆ 2020ರಲ್ಲಿ ಆಪ್ಟ್ ಮೂಲಕ ಸ್ನ್ಯಾಪ್‌ಡಿ (ಸ್ನ್ಯಾಪ್‌ಗಳನ್ನು ನಡೆಸುವ ತಂತ್ರಾಂಶ) ನುಸುಳದಂತೆ ತಡೆದರು. ಅವರು ಮಾಡಿದ್ದೇ ಸರಿ ಅನ್ನುವವನು ನಾನು.

ಹಾಗಂತ ಹೊಸ ಪದ್ಧತಿಗಳೇ ಬೇಡ ಅನ್ನುತ್ತಿಲ್ಲ. ತಂತ್ರಾಂಶ ಬರೆದವರು ಡೆಬಿಯನ್‌ಗೊಂದು, ಫೆಡೋರಾಗೊಂದು, ಆರ್ಚ್‌ಗೊಂದು ಅಂತ ಒಂದೊಂದು ಲಿನಕ್ಸ್‌ಗೂ ಪ್ಯಾಕೇಜ್ ಕಟ್ಟುತ್ತಾ ಕೂತರೆ ಅಸಲಿ ಕೆಲಸ ಮಾಡುವುದು ಯಾವಾಗ? ತಂತ್ರಾಂಶಗಳ ಹಳೆಯ, ಸ್ಥಿರ ಆವೃತ್ತಿಗಳನ್ನೇ ಇಟ್ಟುಕೊಳ್ಳುವ ಡೆಬಿಯನ್ ಸ್ಟೇಬಲ್‌ನಲ್ಲಿದ್ದುಕೊಂಡೇ ಚಿತ್ರ ಬಿಡಿಸುವ ಇಂಕ್‌ಸ್ಕೇಪಿನ ಹೊಸ ಆವೃತ್ತಿ ಬಳಸಲು, ಯಾವ ಲಿನಕ್ಸ್‌ನಲ್ಲೂ ಓಡುವ ಫ್ಲ್ಯಾಟ್‌ಪ್ಯಾಕ್ ಪದ್ಧತಿ ಸುಲಭದ ದಾರಿ. ಅದಕ್ಕೆ ಫ್ಲ್ಯಾಟ್‌ಹಬ್ ಅನ್ನುವ ಸ್ಟೋರ್ ಇದೆ ಅಂತ ತಿಳಿದು, ಬೇಕೆಂದೇ ಹಾಕಿಕೊಳ್ಳುತ್ತೇವೆ.

ಆಪ್ಟ್ ಮೇಲಿನ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ಲೋಪ ಬಯಲಾದಾಗ, ಹಲವು ಪ್ರೋಗ್ರಾಂಗಳು ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಪ್ಯಾಕೇಜನ್ನು ಅಪ್‌ಡೇಟ್ ಮಾಡಿ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ, ಅದನ್ನು ಹಂಚಿಕೊಂಡಿದ್ದ ಪ್ರೋಗ್ರಾಂಗಳೆಲ್ಲ ಒಟ್ಟಿಗೇ ಸುರಕ್ಷಿತವಾದವು. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳಲ್ಲಿ ಆಗುವಂತೆ ಪ್ರತಿ ಆ್ಯಪ್ ಲೈಬ್ರರಿಯ ತನ್ನದೇ ಪ್ರತಿಯನ್ನು ಹೊತ್ತು ತಿರುಗಿದರೆ ಆ್ಯಪ್ ಕಟ್ಟಿದ ಅಷ್ಟೂ ಜನ ಬೇರೆ ಬೇರೆಯಾಗಿ ಸರಿಪಡಿಸುವವರೆಗೆ ಕಾಯಬೇಕು. (ಫ್ಲ್ಯಾಟ್‌ಪ್ಯಾಕಿನಲ್ಲಿ ಹಲವು ಆ್ಯಪ್‌ಗಳು ಹಂಚಿಕೊಳ್ಳುವ ಲೈಬ್ರರಿ ಕಟ್ಟುಗಳು, ಅಂದರೆ ರನ್‌ಟೈಮ್‌ಗಳು, ಈ ತೊಂದರೆಯನ್ನು ಒಂದಿಷ್ಟು ತಗ್ಗಿಸುತ್ತವೆ, ಪೂರ್ತಿ ಅಲ್ಲ.) ಜೊತೆಗೆ ಡೆಬಿಯನ್‌ನಲ್ಲಿ ಪ್ರತಿ ಪ್ಯಾಕೇಜಿಗೂ ಹೊಣೆ ಹೊತ್ತ ಮೇಂಟೇನರ್ (ಅದನ್ನು ನೋಡಿಕೊಳ್ಳುವವರು) ಇರುತ್ತಾರೆ. ಸ್ನ್ಯಾಪ್ ಸ್ಟೋರಿನಲ್ಲಿ ನಕಲಿ ಕ್ರಿಪ್ಟೊ ವಾಲೆಟ್‌ಗಳು ಕಾಣಿಸಿಕೊಂಡು ಜನ ಹಣ ಕಳೆದುಕೊಂಡ ಮೇಲೆ, 2024ರಲ್ಲಿ ಕ್ಯಾನೊನಿಕಲ್ ಹೊಸ ಹೆಸರುಗಳ ನೋಂದಣಿಯನ್ನು ಮನುಷ್ಯರಿಂದಲೇ ಪರಿಶೀಲಿಸಬೇಕಾಯಿತು. ಆ ಸ್ಟೋರಿನ ಸರ್ವರ್ ತಂತ್ರಾಂಶವೂ ಮುಕ್ತವಲ್ಲ. ಇಷ್ಟೆಲ್ಲ ವ್ಯತ್ಯಾಸವಿರುವಾಗ ಒಂದರ ಹೆಸರಲ್ಲಿ ಇನ್ನೊಂದನ್ನು ಕೈಗಿಡುವುದು ಬಳಕೆದಾರರ ನಂಬಿಕೆಗೆ ಮಾಡುವ ಅನ್ಯಾಯ.

ಈಗ ಮೊಜಿಲ್ಲಾದವರೇ ತಮ್ಮ ಆಪ್ಟ್ ರೆಪೊಸಿಟರಿಯಲ್ಲಿ ಅಸಲಿ ಡೆಬ್ ಕೊಡುತ್ತಿದ್ದಾರೆ. ಆದರೆ ಅದನ್ನು ಸೇರಿಸಿದರಷ್ಟೇ ಸಾಲದು. ಉಬುಂಟುವಿನ ಖಾಲಿ ಪ್ಯಾಕೇಜಿನ ಆವೃತ್ತಿ ಸಂಖ್ಯೆ ‘1:1’ ಅಂತ ಶುರುವಾಗುತ್ತದೆ. ಕೋಲನ್ ಮುಂದಿನ ಆ ಒಂದರಿಂದಾಗಿ, ಫೈರ್‌ಫಾಕ್ಸಿನ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಖಾಲಿ ಪ್ಯಾಕೇಜೇ ಹೊಸದು ಅಂತ ಆಪ್ಟ್ ಲೆಕ್ಕ ಹಾಕುತ್ತದೆ. ಆದ್ದರಿಂದ ಯಾವ ಮೂಲಕ್ಕೆ ಎಷ್ಟು ಆದ್ಯತೆ ಅಂತ ಆಪ್ಟ್‌ಗೆ ಹೇಳುವ ಪ್ರಿಫರೆನ್ಸಸ್ ಫೈಲ್ ಬರೆದು ಮೊಜಿಲ್ಲಾಕ್ಕೆ 1000 ಆದ್ಯತೆ ಕೊಡಬೇಕು. ನಿನ್ನೆಯಷ್ಟೇ ವಿಂಡೋಸ್ ಬಿಟ್ಟು ಬಂದ ವಿದ್ಯಾರ್ಥಿಗೆ ಇದು ಹೇಗೆ ಗೊತ್ತಾಗಬೇಕು? ‘ಸ್ನ್ಯಾಪ್ ಬೇಕೋ, ಡೆಬ್ ಬೇಕೋ’ ಅಂತ ಇನ್‌ಸ್ಟಾಲ್ ಮಾಡುವಾಗಲೇ ಒಂದು ಮಾತು ಕೇಳಬಹುದಿತ್ತಲ್ಲ.