ಚೆಂಡಿಲ್ಲದ ಟೆನಿಸ್, ಹೊಟ್ಟೆ ಬಂದ ಅಭಿಮನ್ಯು

ರಂಗದ ಮೇಲೆ ಟೆನಿಸ್ ಪಂದ್ಯ ನಡೆಯುತ್ತದೆ, ಚೆಂಡೇ ಇರುವುದಿಲ್ಲ. ಹುಡುಗ ರ‍್ಯಾಕೆಟ್ ಬೀಸುತ್ತಾನೆ, ಟಕ್ ಅಂತ ಸದ್ದು, ಒಂದು ಬೆಳಕಿನ ಚುಕ್ಕೆ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ, ಎದುರಿನವನು ಅದನ್ನು ವಾಪಸ್ ಹೊಡೆಯುತ್ತಾನೆ, ಮಧ್ಯೆ ಇಬ್ಬರೂ ಹಾಡುತ್ತಾರೆ. ‘ಟೆನಿಸ್ ನೊ ಓಜಿಸಾಮಾ’ (ಟೆನಿಸ್ ರಾಜಕುಮಾರ) ಅನ್ನುವ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸ್‌ನ, ಸಂಗೀತ ನಾಟಕ ಇದು. 1999ರಲ್ಲಿ ವಾರಪತ್ರಿಕೆಯಲ್ಲಿ ಶುರುವಾದ ಚಿತ್ರಕಥೆ, 2003ರ ಏಪ್ರಿಲ್ ಕೊನೆಗೆ ಟೋಕಿಯೋದ ಇಕೆಬುಕುರೊದಲ್ಲಿ ರಂಗಕ್ಕೆ ಬಂತು. ಮೊದಲ ದಿನ ಸೀಟು ಖಾಲಿ ಇದ್ದವಂತೆ. ನೋಡಿದವರು ಹೊರಗೆ ಬಂದವರೇ ಗೆಳತಿಯರಿಗೆ ಸುದ್ದಿ ಮುಟ್ಟಿಸಿದರು, ಕೊನೆಕೊನೆಗೆ ಟಿಕೆಟ್ ಸಿಗದ ಹಾಗಾಯಿತು ಅಂತ ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಇಂಥ ನಾಟಕಗಳಿಗೆ ಇಲ್ಲಿ ‘ಎರಡೂವರೆ ಆಯಾಮ’ದ ನಾಟಕ ಅಂತಾರೆ, ಕಾಗದದ ಎರಡು ಆಯಾಮಕ್ಕೂ ರಂಗದ ಮೂರು ಆಯಾಮಕ್ಕೂ ನಡುವಿನದು ಅಂತ. 2014ರಲ್ಲಿ ಅದಕ್ಕೊಂದು ಸಂಘವೇ ಹುಟ್ಟಿತು.

ಇಷ್ಟು ವರ್ಷ ಇಲ್ಲಿ ಜಪಾನಿನಲ್ಲಿದ್ದು, ಇಲ್ಲಿಯ ಅಭಿಮಾನಿಗಳನ್ನು ನೋಡಿ ನನಗೆ ಅನಿಸಿರುವುದು ಇದು. ಅವರು ಸಣ್ಣದರಲ್ಲಿ ಬಹಳ ಬಿಗಿ, ದೊಡ್ಡದರಲ್ಲಿ ಧಾರಾಳ. ನಾವು ಪೂರ್ತಿ ಉಲ್ಟಾ.

ಚೆಂಡಿಲ್ಲದ್ದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಹತ್ತಾರು ಕಂತುಗಳಲ್ಲಿ ನಡೆದ ಪಂದ್ಯ ಎರಡು ಮೂರು ಗಂಟೆಗೆ ಇಳಿದರೂ ಪರವಾಗಿಲ್ಲ. ಆದರೆ ನಾಯಕನ ಟೋಪಿ ಎಷ್ಟು ಕೆಳಗಿರಬೇಕು, ಕೂದಲು ಯಾವ ಬಣ್ಣ, ಸೋತಾಗ ತಲೆ ಯಾವ ಕಡೆ ವಾಲುತ್ತದೆ, ಇದರಲ್ಲಿ ಕೂದಲೆಳೆ ತಪ್ಪಿದರೂ ಗಮನಿಸುತ್ತಾರೆ. ನಮ್ಮ ಆಫೀಸಿನಲ್ಲಿ ಒಬ್ಬಾಕೆ ಇದ್ದಾಳೆ. ಹೊಸ ನಾಟಕದ ಪೋಸ್ಟರ್ ಬಂದ ದಿನ ಊಟದ ಹೊತ್ತಿನಲ್ಲಿ ಫೋನ್ ಮುಂದೆ ಹಿಡಿದು, ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ, ‘ವಿಗ್ಗಿನ ಹಣೆಗೂದಲು ನೋಡು, ಎಡಕ್ಕೆ ಬರಬೇಕಿತ್ತು’ ಅಂದಳು. ನನಗೆ ಎಡವೂ ಗೊತ್ತಾಗಲಿಲ್ಲ, ಬಲವೂ ಗೊತ್ತಾಗಲಿಲ್ಲ. ಕಥೆ ಹೇಗೆ ಕತ್ತರಿಸಿದ್ದಾರೆ ಅಂತ ಕೇಳಿದರೆ, ‘ಅದು ಅವರ ಕೆಲಸ ಅಲ್ವಾ’ ಅಂದಳು.

ಈ ಬಿಗಿ ಹೊಸದೇನಲ್ಲ. 1974ರಲ್ಲಿ ತಕರಾಝುಕಾ ತಂಡ ‘ವರ್ಸೈಲ್ಸ್‌ನ ಗುಲಾಬಿ’ಯನ್ನು ರಂಗಕ್ಕೆ ತಂದಿತು. ಬರೀ ಹೆಂಗಸರೇ ಇರುವ, ಗಂಡಿನ ಪಾತ್ರವನ್ನೂ ಹೆಂಗಸರೇ ಮಾಡುವ ತಂಡ ಅದು. ರಿಯೊಕೊ ಇಕೆದಾ ಬರೆದ ಆ ಮಾಂಗಾ ಮುಗಿದು ಇನ್ನೂ ಸ್ವಲ್ಪ ಸಮಯವಾಗಿತ್ತಷ್ಟೆ, ಓದಿದ ಹುಡುಗಿಯರ ಮನಸ್ಸಿನಲ್ಲಿ ಆಸ್ಕರ್ ಪಾತ್ರ, ಗಂಡಿನ ಹಾಗೆ ಬೆಳೆದ ನಾಯಕಿ, ಕೂತುಬಿಟ್ಟಿತ್ತು. ಅದನ್ನು ಹಾಳು ಮಾಡುತ್ತಾರೆ ಅಂತ ಅವರಿಗೆ ಸಿಟ್ಟು. ಆ ಹುಡುಗಿಯರಿಗೆ ಬೇಕಾಗಿದ್ದದ್ದು ಚಿತ್ರದಲ್ಲಿರುವ ಕಣ್ಣು, ಒಳಗೆ ನಕ್ಷತ್ರ ಹೊಳೆಯುವಂಥದ್ದು. ಮನುಷ್ಯರಿಗೆ ಅಂಥ ಕಣ್ಣು ಎಲ್ಲಿಂದ ತರೋದು? ನಿರ್ದೇಶಕ ಕಝುವೊ ಹಸೆಗಾವಾ ಹಳೇ ಸಿನಿಮಾ ನಟ, ಚಿಕ್ಕಂದಿನಲ್ಲಿ ಜಪಾನಿನ ಹಳೇ ಸಂಪ್ರದಾಯದ ನಾಟಕವಾದ ಕಬುಕಿಯಲ್ಲಿ ಹೆಣ್ಣುವೇಷ ಕಲಿತವರು. ದೃಷ್ಟಿಯನ್ನು ಎಷ್ಟು ಎತ್ತರಕ್ಕೆ, ಯಾವ ಕಡೆಗೆ ಇಟ್ಟರೆ ದೀಪದ ಬೆಳಕು ಕಣ್ಣಲ್ಲಿ ಸಿಕ್ಕಿ ಮಿಂಚುತ್ತದೆ ಅಂತ ನಟಿಯರಿಗೆ ಹೇಳಿಕೊಟ್ಟರು. ಅಲ್ಲಿಗೆ ಅಭಿಮಾನಿಗಳು ಸೋತರು. ನಾಟಕ ಮತ್ತೆ ಮತ್ತೆ ಬಂತು, 2014ರ ಹೊತ್ತಿಗೆ ನೋಡಿದವರ ಒಟ್ಟು ಲೆಕ್ಕ 50 ಲಕ್ಷ ದಾಟಿತ್ತು.

ಈಗ ನಮ್ಮ ಕಡೆ ಬನ್ನಿ. ಯಕ್ಷಗಾನದಲ್ಲಿ ಐವತ್ತು ದಾಟಿದ, ಸ್ವಲ್ಪ ಹೊಟ್ಟೆಯೂ ಬಂದಿರುವ ಕಲಾವಿದರು ಅಭಿಮನ್ಯುವಾಗಿ ಕುಣಿಯುತ್ತಾರೆ. ಎದುರಿಗೆ ಕೂತವರಲ್ಲಿ ಒಬ್ಬರಾದರೂ ‘ಅಭಿಮನ್ಯುವಿಗೆ ಹದಿನಾರು ವರ್ಷ ಅಲ್ವಾ’ ಅಂತ ಕೇಳಿದ್ದುಂಟಾ? ಹೆಣ್ಣುವೇಷದ ಗಂಟಲು ಗಡಸಾಗಿದ್ದರೂ ನಡೆಯುತ್ತದೆ. ಆದರೆ ಪ್ರಸಂಗದಲ್ಲಿ ಒಂದು ಪದ್ಯ ಬಿಡಲಿ, ಪದ್ಯದ ಅರ್ಥ ಹೇಳುವಾಗ ಕರ್ಣನ ಬಾಯಲ್ಲಿ ಅವನು ಆಡಬಾರದ ಮಾತು ಬರಲಿ, ಬೆಳಗಿನ ಚಹಾದ ಹೊತ್ತಿಗೆ ಜಗಳ ಶುರು.

ಕಾದಂಬರಿಯ ವಿಷಯದಲ್ಲೂ ಅಷ್ಟೇ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಅವರು ‘ಮಲೆಗಳಲ್ಲಿ ಮದುಮಗಳು’ವನ್ನು ಇಡೀ ರಾತ್ರಿಯ ನಾಟಕ ಮಾಡಿದರು. ಹೆಚ್ಚುಕಡಿಮೆ ಒಂಬತ್ತು ಗಂಟೆ, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಜನರೇ ಎದ್ದು ಹೋಗಬೇಕು. ಒಂಬತ್ತು ಗಂಟೆ ಕೊಟ್ಟರೂ ನಮ್ಮವರಿಗೆ ಸಾಲದು. ನನ್ನ ಗೆಳೆಯರ ಗುಂಪಿನಲ್ಲಿ ಚರ್ಚೆ ನಡೆದದ್ದೆಲ್ಲ ಯಾವ ಭಾಗ ಕೈಬಿಟ್ಟರು, ಗುತ್ತಿಯ ಪಾತ್ರಕ್ಕೆ ಇನ್ನೂ ಜಾಗ ಕೊಡಬೇಕಿತ್ತು ಅನ್ನುವುದರ ಮೇಲೆ. ಗುತ್ತಿಯಾದವನ ಮೂಗು ಹೇಗಿತ್ತು ಅಂತ ಯಾರಿಗೂ ನೆನಪಿಲ್ಲ.

ಕಾರಣ ಇರಬಹುದು. ನಾವು ಆ ಪಾತ್ರಗಳನ್ನು ಓದಿ ತಿಳಿದವರು, ಕೇಳಿ ತಿಳಿದವರು. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಗುತ್ತಿ. ಇಲ್ಲಿಯವರಿಗೆ ಮುಖವನ್ನು ಲೇಖಕನೇ ಬರೆದುಕೊಟ್ಟಿದ್ದಾನೆ, ವಾರವಾರ ಅದೇ ಮುಖ ನೋಡಿ ಬೆಳೆದಿದ್ದಾರೆ. ಆ ಮುಖ ಬದಲಾದರೆ ಪಾತ್ರವೇ ಬೇರೆಯಾದ ಹಾಗೆ.

ಇನ್ನು ಇಷ್ಟವಾಗದಿದ್ದರೆ ಏನು ಮಾಡುತ್ತಾರೆ? ಥಿಯೇಟರಿನ ಒಳಗೆ ಏನೂ ಇಲ್ಲ. ಮುಂದಕ್ಕೆ ಬಾಗಬೇಡಿ, ಹಿಂದಿನವರಿಗೆ ಕಾಣುವುದಿಲ್ಲ ಅಂತ ಮೊದಲೇ ಹೇಳಿರುತ್ತಾರೆ. ಬೆನ್ನು ಸೀಟಿಗೆ ಅಂಟಿಸಿ ಕೂತವರು ಕೊನೆಯವರೆಗೂ ಹಾಗೇ ಕೂತಿರುತ್ತಾರೆ, ಚಪ್ಪಾಳೆಯನ್ನೂ ತಪ್ಪದೆ ಹೊಡೆಯುತ್ತಾರೆ. ಆಮೇಲೆ ಗೊತ್ತಾಗುತ್ತದೆ. ನಟರ ಫೋಟೋಗಳನ್ನು ಮುಚ್ಚಿದ ಪ್ಯಾಕೆಟ್‌ನಲ್ಲಿ ಮಾರುತ್ತಾರೆ, ಒಳಗೆ ಯಾರು ಬರುತ್ತಾರೋ ತೆರೆದ ಮೇಲೇ ತಿಳಿಯೋದು. ಬಿಡುವಿನಲ್ಲಿ ಹೆಂಗಸರು ಗೋಡೆ ಬದಿಗೆ ನಿಂತು, ಪ್ಲಾಸ್ಟಿಕ್ ಹಾಳೆಗಳ ಫೈಲ್ ಬಿಚ್ಚಿ, ನನಗೆ ಇವನನ್ನು ಕೊಡಿ ನಿಮಗೆ ಅವನನ್ನು ಕೊಡುತ್ತೇನೆ ಅಂತ ಬಹಳ ಮರ್ಯಾದೆಯಿಂದ ಅದಲುಬದಲು ಮಾಡಿಕೊಳ್ಳುತ್ತಾರೆ. ಯಾವನ ಫೋಟೋವನ್ನು ಯಾರೂ ಕೇಳುತ್ತಿಲ್ಲ ಅಂತ ತಿಳಿಯೋಕೆ ಅಲ್ಲೇ ಹತ್ತು ನಿಮಿಷ ನಿಂತರೆ ಸಾಕು. ಪಾಪ ಆ ಹುಡುಗ. ನಮ್ಮಲ್ಲಿ ಹಾಗಿದ್ದರೆ ಯಾರೋ ಒಬ್ಬರು ವೇಷ ಕಟ್ಟುವ ಚೌಕಿಗೇ ಹೋಗಿ, ‘ಇವತ್ತು ಯಾಕೋ ರಂಗೇರಲಿಲ್ಲ ಮಾರಾಯ್ರೇ’ ಅಂದುಬಿಡುತ್ತಿದ್ದರು. ನನಗೆ ಅದೇ ವಾಸಿ ಅನಿಸುತ್ತದೆ. ಮುಖದ ಮೇಲೆ ಹೇಳಿದರೆ ನಾಳೆ ತಿದ್ದಿಕೊಳ್ಳಬಹುದು.

ಬಿಗಿಯಿಂದ ನಷ್ಟವೂ ಇದೆ. ಚಿತ್ರದಲ್ಲಿದ್ದ ಹಾಗೇ ನಿಲ್ಲಬೇಕು ಅಂದಾಗ ನಟನಿಗೆ ಉಳಿಯೋದು ಏನು? ಕೆಲವು ನಾಟಕ ನೋಡಿದರೆ ಪುಸ್ತಕದ ಪುಟ ಕತ್ತರಿಸಿ ರಂಗಕ್ಕೆ ಅಂಟಿಸಿದ ಹಾಗಿರುತ್ತವೆ, ಚಂದ ಇರುತ್ತವೆ, ಉಸಿರಿರುವುದಿಲ್ಲ. 2015ರಲ್ಲಿ ‘ವನ್ ಪೀಸ್’ ಅನ್ನುವ ಮಾಂಗಾ ಕಬುಕಿಯಾದಾಗ ನನಗೆ ಖುಷಿಯಾಗಿದ್ದು ಅದಕ್ಕೇ. ಅಲ್ಲಿ ಮಾಂಗಾ ಕಬುಕಿಯ ದಾರಿಗೆ ಬಂದಿತ್ತು. ರಂಗದ ಮೇಲೆ ನಿಜವಾದ ನೀರು ಧೋ ಅಂತ ಸುರಿಯುತ್ತದೆ, ಅದರೊಳಗೇ ಹೊಡೆದಾಟ, ನಾಯಕ ಹಗ್ಗ ಕಟ್ಟಿಕೊಂಡು ಜನರ ತಲೆ ಮೇಲೆ ಹಾರುತ್ತಾನೆ. ಹಣೆಗೂದಲು ಎಡಕ್ಕಿತ್ತೋ ಬಲಕ್ಕಿತ್ತೋ, ನೋಡಲು ಪುರುಸೊತ್ತೇ ಇಲ್ಲ.

ತಾಳಮದ್ದಳೆ ಕೇಳುವವರಿಗೂ ಇಲ್ಲಿಯ ಅಭಿಮಾನಿಗಳಿಗೂ ಮಾತ್ರ ಒಂದು ವಿಷಯದಲ್ಲಿ ಗುಣ ಕೂಡುತ್ತದೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಬಣ್ಣವೂ ಇಲ್ಲ, ಬರೀ ಹಾಡು ಮತ್ತು ಮಾತು. ಆದರೂ ಇವರ ಕರ್ಣ ದೊಡ್ಡವನೋ ಅವರ ಕರ್ಣ ದೊಡ್ಡವನೋ ಅಂತ ವರ್ಷಗಟ್ಟಲೆ ವಾದ ನಡೆಯುತ್ತದೆ. ಟೆನಿಸ್ ನಾಟಕದಲ್ಲೂ ನಟರು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಹೋಗುವಾಗ ಅವರಿಗೆ ಶಾಲೆ ಬಿಡುವ ಮಕ್ಕಳ ಹಾಗೆ ಬೀಳ್ಕೊಡುಗೆ. 2021ರಲ್ಲಿ ನಾಲ್ಕನೇ ಸರದಿ ಶುರುವಾಯಿತು. ಆಫೀಸಿನ ಆಕೆಗೆ ಮೊದಲ ಸರದಿಯ ಹುಡುಗರೇ ಹುಡುಗರು. ಹೊಸಬರನ್ನು ಇನ್ನೂ ಒಪ್ಪಿಲ್ಲ, ಟಿಕೆಟ್ ಮಾತ್ರ ಪ್ರತಿ ಸಲ ತೆಗೆಸುತ್ತಾಳೆ. ಯಾಕೆ ಅಂತ ಕೇಳಿದೆ. ‘ಸುಮ್ನೆ ಮನೇಲಿ ಕೂತು ಬೈಯೋಕಾಗುತ್ತಾ?’ ಅಂದಳು.