ಸ್ಪಷ್ಟನೆ: ಲೇಸರ್ ಕತ್ತರಿಸದಿದ್ದರೆ ಪವರ್ ಏರಿಸುವುದೊಂದೇ ಮದ್ದಲ್ಲ

‘ಲೇಸರ್ ಯಂತ್ರ ಸರಿಯಾಗಿ ಕತ್ತರಿಸುತ್ತಿಲ್ಲವೇ? ಪವರ್ ಶೇಕಡಾ 100ಕ್ಕೆ ಏರಿಸಿ, ಯಾವ ವಸ್ತುವಾದರೂ ತುಂಡಾಗುತ್ತದೆ’ ಎಂಬ ಸಲಹೆ ಓಡಾಡುತ್ತಿದೆ. ಇದು ತಪ್ಪು.

ಮೊದಲು ನೋಡಬೇಕಾದ್ದು ಫೋಕಸ್. ಲೆನ್ಸಿನ ಎತ್ತರ ಒಂದೆರಡು ಮಿಲಿಮೀಟರ್ ತಪ್ಪಿದರೂ ಕಿರಣದ ಚುಕ್ಕೆ ಅಗಲವಾಗಿ, ಪ್ಲೈವುಡ್ ತುಂಡಾಗುವ ಬದಲು ಅಂಚೆಲ್ಲ ಕರಕಲಾಗುತ್ತದೆ. ಅಂಥ ಕಡೆ ಪವರ್ ಏರಿಸಿದರೆ ಕರಕಲು ಇನ್ನಷ್ಟು ಹೆಚ್ಚೀತು, ಅಷ್ಟೇ. ಹಲಗೆಯ ಚೂರೊಂದನ್ನು ಒಂದು ಬದಿ ಎತ್ತಿ ಓರೆಯಾಗಿಟ್ಟು, ಉದ್ದಕ್ಕೂ ಒಂದು ಗೆರೆ ಕೊರೆಯಿರಿ. ಗೆರೆ ಎಲ್ಲಿ ಅತಿ ತೆಳ್ಳಗೆ ಬಿದ್ದಿದೆಯೋ ಆ ಎತ್ತರವೇ ಸರಿಯಾದ ಫೋಕಸ್. ಐದು ನಿಮಿಷದ ಕೆಲಸ. ಮಾಡುವವರು ಮಾತ್ರ ಕಡಿಮೆ.

ಆಮೇಲೆ ಲೆನ್ಸಿಗೆ ಹಿಡಿದ ಮಸಿ ಒರೆಸಿ, ಗಾಳಿ ಊದುವ ಪಂಪ್ ನಡೆಯುತ್ತಿದೆಯೇ ನೋಡಿ.

‘ಯಾವ ವಸ್ತುವಾದರೂ’ ಎಂಬುದಂತೂ ಶುದ್ಧ ಸುಳ್ಳು. ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಡಯೋಡ್ ಲೇಸರ್ ಪಾರದರ್ಶಕ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಯೊಳಗೆ ಕಿಟಕಿ ಗಾಜಿನಲ್ಲಿ ಬೆಳಕು ಹಾದಂತೆ ಹಾದುಹೋಗುತ್ತದೆ. 10.6 ಮೈಕ್ರೋಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಅದೇ ಹಾಳೆ ಹೀರಿಕೊಂಡು, ಹೊಳೆಯುವ ಅಂಚಿನೊಂದಿಗೆ ಸಲೀಸಾಗಿ ತುಂಡಾಗುತ್ತದೆ. ಆದರೆ ಈ ಲೇಸರಿನ ಗಾಜಿನ ಟ್ಯೂಬನ್ನು ಸದಾ ಪೂರ್ತಿ ಪವರಿನಲ್ಲಿ ಓಡಿಸಿದರೆ ಆಯುಸ್ಸು ಬೇಗ ಮುಗಿಯುತ್ತದೆ. ದಪ್ಪ ಹಾಳೆಗೆ ಪವರ್ ಸ್ವಲ್ಪ ಇಳಿಸಿ, ವೇಗವನ್ನೂ ತಗ್ಗಿಸುವುದು ಲೇಸು.

ಪಿವಿಸಿ ಪ್ಲಾಸ್ಟಿಕ್ಕನ್ನು ಯಾವ ಪವರಿನಲ್ಲೂ ಲೇಸರಿಗೆ ಇಡಬೇಡಿ. ಅದು ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶಕ್ಕೆ ವಿಷ, ಯಂತ್ರದ ಲೋಹಕ್ಕೆ ತುಕ್ಕು.